ಕಡ್ಡಿ ತುದಿಯ ಒಣಮೆಣಸಿನಕಾಯಿ

ನಮ್ಮ ಚಿಕ್ಕಪ್ಪನಿಗೆ ಕಣ್ಣು ಹೋದಷ್ಟು ಸಲ ಇಡೀ ಹೊಸಕೋಟೆ ತಾಲ್ಲೂಕಿನಲ್ಲಿ ಇನ್ಯಾರಿಗೂ ಹೋಗಿರಲಾರದು! ಬೆಳಿಗ್ಗೆ ಹಾಸಿಗೆ ಮೇಲೆ ಎದ್ದು ಕೂತು, ಎರಡೂ ಅಂಗೈಗಳನ್ನು ಮುಖದ ಮುಂದೆ ಹಿಡಿದು, "ಹೋಯ್ತು ಕಣೇ, ಈ ಸಲ ನಿಜವಾಗ್ಲೂ ಹೋಯ್ತು" ಅನ್ನೋರು. ಅಡುಗೆಮನೆಯಿಂದ ಚಿಕ್ಕಮ್ಮ, "ತಲೆ ಮೇಲಿನ ಕಂಬಳಿ ತೆಗೀರಿ, ಬರುತ್ತೆ" ಅನ್ನೋರು. ಕಂಬಳಿ ತೆಗೆದರೆ ಕಣ್ಣು ಬಂದುಬಿಡೋದು. ಆದರೆ ಚಿಕ್ಕಪ್ಪನ ಮುಖದಲ್ಲಿ ಸಮಾಧಾನ ಮಾತ್ರ ಬರುತ್ತಿರಲಿಲ್ಲ. "ಬಂದಿದೆ. ಆದ್ರೆ ನಿನ್ನೆಯಷ್ಟು ಇಲ್ಲ" ಅಂತ ಗೊಣಗಿಕೊಂಡೇ ಬಚ್ಚಲಿಗೆ ಹೋಗೋರು.

ನಾನಾಗ ಹೊಸಕೋಟೆಯ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಹೊಸದಾಗಿ ಟೀಚರಾಗಿ ಸೇರಿದ್ದೆ. ನಮ್ಮೂರು ಅನುಗೊಂಡನಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಓಡಾಡೋದು ಕಷ್ಟ ಅಂತ ಅಪ್ಪ ನನ್ನನ್ನು ತಮ್ಮನ ಮನೆಯಲ್ಲೇ ಬಿಟ್ಟಿದ್ದರು. ಚಿಕ್ಕಪ್ಪನ ಒಬ್ಬಳೇ ಮಗಳನ್ನು ಮಾಲೂರಿಗೆ ಕೊಟ್ಟಾಗಿತ್ತು. ಹಾಗಾಗಿ ಮನೆಯಲ್ಲಿದ್ದದ್ದು ಮೂರೇ ಜನ: ಕಣ್ಣು ಹೋಗುತ್ತೆ ಅನ್ನೋ ಚಿಕ್ಕಪ್ಪ, ಹೋಗಲ್ಲ ಅನ್ನೋ ಚಿಕ್ಕಮ್ಮ, ಇಬ್ಬರಿಗೂ ತಲೆಯಾಡಿಸೋ ನಾನು.

ಚಿಕ್ಕಪ್ಪ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಯಾವ ಬಸ್ಸು ಬಂತು, ಯಾವುದು ಹೊರಡಬೇಕು ಅಂತ ನೋಡಿ, ಸೀಟಿ ಊದಿ, "ಚಿಂತಾಮಣಿ, ಚಿಂತಾಮಣಿ! ಯಾರಮ್ಮಾ ಅದು, ಬುಟ್ಟಿ ಮೇಲಕ್ಕೆ ಹಾಕಿ!" ಅಂತ ಕೂಗೋ ಕೆಲಸ. ಅಷ್ಟು ದೂರದಲ್ಲಿ ಧೂಳೆಬ್ಬಿಸಿಕೊಂಡು ಬರೋ ಬಸ್ಸಿನ ಬೋರ್ಡನ್ನು ಎಲ್ಲರಿಗಿಂತ ಮೊದಲು ಓದುತ್ತಿದ್ದದ್ದು ಅವರೇ. ಇಂಥವರಿಗೆ ಕಣ್ಣಿನ ಚಿಂತೆ ಯಾಕೆ ಅಂತ ಕೇಳ್ತೀರಾ? ಅದಕ್ಕೆ ಒಂದು ಕಾರಣವಿತ್ತು, ಅದು ನಗೋ ವಿಷಯವಲ್ಲ.

ನಮ್ಮ ತಾತನಿಗೆ, ಅಂದರೆ ಚಿಕ್ಕಪ್ಪನ ಅಪ್ಪನಿಗೆ, ವಯಸ್ಸಾದ ಮೇಲೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಸ್ಪತ್ರೆಗೆ ಹೋಗೋಕೆ ಭಯ. ಆಗ ಊರೂರು ತಿರುಗುತ್ತಾ ಪೊರೆ ತೆಗೆಯೋನು ಒಬ್ಬ ಹೆಗಲಿಗೆ ಚೀಲ ಹಾಕಿಕೊಂಡು ಬಂದ. ಮನೆ ಜಗಲಿ ಮೇಲೇ ತಾತನನ್ನು ಕೂರಿಸಿ, ಒಂದು ಕಣ್ಣಿಗೆ ಸೂಜಿ ಹಾಕಿ ಪೊರೆಯನ್ನು ಪಕ್ಕಕ್ಕೆ ತಳ್ಳಿಬಿಟ್ಟ. ತಾತನಿಗೆ ಆಗಿಂದಾಗಲೇ ಎದುರಿಗೆ ಕಟ್ಟಿದ್ದ ಹಸುವಿನ ಕೊಂಬು ಕಾಣಿಸಿ, ಅತ್ತುಬಿಟ್ಟರಂತೆ. ಊರೆಲ್ಲ ಅವನನ್ನು ಹೊಗಳಿತು. ಅವನು ಮುಂದಿನೂರಿಗೆ ಹೋದ. ಸ್ವಲ್ಪ ದಿನಕ್ಕೇ ಆ ಕಣ್ಣು ಊದಿಕೊಂಡು, ಕೀವು ತುಂಬಿ, ಪೂರ್ತಿ ಹೋಯಿತು. ಇನ್ನೊಂದು ಕಣ್ಣನ್ನು ಮುಟ್ಟೋಕೆ ತಾತ ಸಾಯೋವರೆಗೂ ಯಾರಿಗೂ ಬಿಡಲಿಲ್ಲ.

ಅವತ್ತಿನಿಂದ ಚಿಕ್ಕಪ್ಪನಿಗೆ ಈ ಹೆದರಿಕೆ ಅಂಟಿಕೊಂಡಿತ್ತು. ಬೆಂಗಳೂರಿನ ಮೊದಲನೇ ಬಸ್ಸಿನಲ್ಲಿ ಪೇಪರು ಬರುತ್ತಿತ್ತಲ್ಲ, ಅದನ್ನು ಬಿಚ್ಚಿ ಓದುತ್ತಿದ್ದ ಮೊದಲನೇ ಮನುಷ್ಯ ಅವರೇ. ಚುನಾವಣೆ ಬೇಡ, ಕ್ರಿಕೆಟ್ ಬೇಡ, ಸಿನಿಮಾ ಬೇಡ. ಕಣ್ಣಿನ ಸುದ್ದಿ ಎಲ್ಲಿದ್ದರೂ ಹುಡುಕಿ ಓದಬೇಕು. ರಾತ್ರಿ ಊಟಕ್ಕೆ ಕೂತರೆ ಮುದ್ದೆ ಮುರಿಯೋಕೆ ಮುಂಚೆ ಅವತ್ತಿನ ವರದಿ ಒಪ್ಪಿಸೋರು.

"ಗೊತ್ತೇನೇ, ಈಗ ಪೊರೇನ ಮಂಜುಗಡ್ಡೆಯಂಥ ಕಡ್ಡಿ ತಾಗಿಸಿ, ಅಂಟಿಸ್ಕೊಂಡು, ಇಡಿಯಾಗಿ ಎಳೆದು ತೆಗೀತಾರಂತೆ!"

"ಊಟದ ಹೊತ್ನಲ್ಲಿ ಬೇಡ" ಅಂತ ಚಿಕ್ಕಮ್ಮ.

"ಸತ್ತೋರ ಕಣ್ಣಿನ ಮುಂದುಗಡೆ ಪರದೇನ ತೆಗೆದು, ಬದುಕಿರೋರಿಗೆ ಹೊಲೀತಾರಂತೆ!"

"ರೀ, ಸಾರು ತಣ್ಣಗಾಯ್ತು."

ಸೊಪ್ಪು ತಿಂದರೆ ಕಣ್ಣಿಗೆ ಒಳ್ಳೇದು ಅಂತ ಒಂದು ವಾರ ಬಂದಿತ್ತು. ಆ ವಾರ ಪೂರ್ತಿ ಮನೆಯಲ್ಲಿ ಬರೀ ಸೊಪ್ಪು. ದಂಟು, ಕೀರೆ, ಹೊನಗೊನೆ, ನುಗ್ಗೆ! ಹಾಲು ಕೊಡೋಕೆ ಬರುತ್ತಿದ್ದ ಹೆಂಗಸು ಒಂದು ದಿನ ಹಿತ್ತಲಲ್ಲಿ ಸೊಪ್ಪಿನ ರಾಶಿ ನೋಡಿ, "ಏನಮ್ಮಾ, ಹಸು ಕಟ್ತಿದೀರಾ? ಹಾಗಾದ್ರೆ ನನ್ನ ಹಾಲಿನ ವರ್ತನೆ ನಿಲ್ಲಿಸ್ತೀರೇನು?" ಅಂತ ಕಂಗಾಲಾಗಿ ಕೇಳಿದಳು.

ಇನ್ನೊಂದು ಸಲ ಅವರ ಕಣ್ಣ ಮುಂದೆ ಸಣ್ಣ ಸಣ್ಣ ನೊಣದಂಥವು ತೇಲಾಡೋಕೆ ಶುರುವಾಯಿತು. ಅವು ಬಹಳ ಜನಕ್ಕೆ ಕಾಣುತ್ತವೆ, ಹೆಚ್ಚಿನ ಮಟ್ಟಿಗೆ ಏನೂ ಆಗಲ್ಲ ಅಂತ ಡಾಕ್ಟರು ಆಮೇಲೆ ಹೇಳಿದರು. ಆದರೆ ಚಿಕ್ಕಪ್ಪ ಸುಮ್ಮನಿರೋರೇ? ಬಸ್ ಸ್ಟ್ಯಾಂಡ್ ನಡುವೆ ನಿಂತು ಆ ಇಲ್ಲದ ನೊಣಗಳನ್ನು ಕೈಬೀಸಿ ಓಡಿಸಿದರು. ಚಿಂತಾಮಣಿ ಬಸ್ಸಿನ ಡ್ರೈವರ್, ಕಂಟ್ರೋಲರ್ ಕೈ ಬೀಸಿದ್ದಾರೆ ಅಂತ ಗೇರ್ ಹಾಕಿ ಹೊರಟೇಬಿಟ್ಟ. ಕಂಡಕ್ಟರ್ ಮುನಿವೆಂಕಟಪ್ಪ ಹೋಟೆಲಿನಲ್ಲಿ ಟೀ ಕುಡೀತಿದ್ದವನು, ಲೋಟ ಕೈಯಲ್ಲಿ ಹಿಡಿದುಕೊಂಡೇ ಕೆರೆ ಏರಿವರೆಗೂ ಬಸ್ಸಿನ ಹಿಂದೆ ಓಡಿದ. ಸಾಯಂಕಾಲ ವಾಪಸ್ ಬಂದವನು ಕೇಳಿದ: "ಸಾರ್, ಇನ್ಮೇಲೆ ನೊಣ ಬಂದ್ರೆ ಸೀಟಿ ಊದಿ ಓಡಿಸ್ತೀರಾ? ನಮ್ಮ ಡ್ರೈವರಿಗೆ ಕಿವಿ ಕೇಳ್ಸಲ್ಲ."

ಬೆಂಗಳೂರಿನ ದೊಡ್ಡ ಕಣ್ಣಾಸ್ಪತ್ರೆಗೆ ಅವರು ಹೋಗಿ ಬರುತ್ತಿದ್ದದ್ದು ಬೇರೆಯವರು ಮಾವನ ಮನೆಗೆ ಹೋಗಿ ಬಂದ ಹಾಗೆ. ಒಂದು ಸಲ ಗೋಡೆ ಮೇಲಿನ ಅಕ್ಷರ ಓದಿಸುತ್ತಿದ್ದಾಗ, ಕಟ್ಟಕಡೆಯ ಸಣ್ಣ ಸಾಲನ್ನೂ ಗಡಗಡ ಓದಿಬಿಟ್ಟು, ತಕ್ಷಣ ಮುಖ ಸಣ್ಣ ಮಾಡಿಕೊಂಡರಂತೆ. "ಡಾಕ್ಟ್ರೇ, ಇದು ಲೆಕ್ಕಕ್ಕಿಲ್ಲ. ನಾನು ಓದ್ಲಿಲ್ಲ, ನನಗಿದು ಬಾಯಿಪಾಠ ಬಂದ್ಬಿಟ್ಟಿದೆ." ಅಲ್ಲಿದ್ದ ಡಾಕ್ಟರಮ್ಮ ನಕ್ಕು, ಬೇರೆ ಹಲಗೆ ತರಿಸಿ ತೋರಿಸಿದರು. ಅದನ್ನೂ ಓದಿದರು! "ನಿಮ್ಮ ಕಣ್ಣು ಇಬ್ಬರಿಗಾಗುವಷ್ಟು ಚೆನ್ನಾಗಿದೆ, ಹೋಗಿ ಬನ್ನಿ" ಅಂದರು ಆಕೆ. ಮನೆಗೆ ಬಂದ ಚಿಕ್ಕಪ್ಪ ಸಂತೋಷ ಪಡಬೇಕೋ ಬೇಡವೋ? "ಖಾಯಿಲೆ ಅವರ ಕೈಗೆ ಸಿಗ್ತಿಲ್ಲ ಪುಟ್ಟಿ. ಎಲ್ಲೋ ಒಳಗಡೆ ಅಡಗಿ ಕೂತಿದೆ" ಅಂದರು ನನಗೆ.

ಹೀಗಿರುವಾಗ ಒಂದು ಭಾನುವಾರ ಪೇಪರಿನಲ್ಲಿ ದೊಡ್ಡ ಬರಹವೊಂದು ಬಂತು. ಕಣ್ಣಿನ ಒಳಗಿನ ನೀರು ಸರಿಯಾಗಿ ಹರಿದುಹೋಗದೆ ಒತ್ತಡ ಏರುವ ಖಾಯಿಲೆ, ಗ್ಲಾಕೋಮ ಅಂತ ಹೆಸರು. ಹೆಚ್ಚಿನವರಿಗೆ ನೋವಿಲ್ಲ, ಕೆಂಪಿಲ್ಲ, ನೀರು ಸುರಿಯೋದಿಲ್ಲ. ನೇರ ಎದುರಿಗಿರೋದು ಚೆನ್ನಾಗೇ ಕಾಣುತ್ತೆ. ಅಂಚಿನಿಂದ ಮಾತ್ರ ನೋಟ ಮೆಲ್ಲಮೆಲ್ಲಗೆ ಕರಗುತ್ತಾ ಬರುತ್ತೆ. ಮನುಷ್ಯನಿಗೆ ಗೊತ್ತಾಗುವ ಹೊತ್ತಿಗೆ ಬಹಳಷ್ಟು ಹೋಗಿರುತ್ತೆ, ಹೋದದ್ದು ಬರೋದಿಲ್ಲ. ಬೇಗ ಹಿಡಿದರೆ ಉಳಿದದ್ದನ್ನು ಉಳಿಸಿಕೊಳ್ಳಬಹುದು ಅಂತ ಈಚಿನ ಸಂಶೋಧನೆಗಳು ಹೇಳುತ್ತವೆ, ಅಂತ ಬರೆದಿತ್ತು.

ನೋವಿಲ್ಲದ, ಗುರುತಿಲ್ಲದ, ಅಡಗಿ ಕೂರೋ ಖಾಯಿಲೆ! ಚಿಕ್ಕಪ್ಪ ಜೀವಮಾನವೆಲ್ಲ ಕಾಯುತ್ತಿದ್ದದ್ದು ಇದಕ್ಕೇ ಇರಬೇಕು. "ನಾನು ಹೇಳ್ಲಿಲ್ವಾ? ಇದೇ ನನಗಿರೋದು!"

ಬೆಂಗಳೂರಿಗೆ ಹೋಗೋಕೆ ಸೋಮವಾರದವರೆಗೂ ಕಾಯಬೇಕಲ್ಲ, ಅಲ್ಲಿವರೆಗೂ ತಡೆಯೋಕೆ ಆಗಲಿಲ್ಲ. ಮನೆಯಲ್ಲೇ ಒಂದು ಪರೀಕ್ಷೆ ಕಟ್ಟಿದರು. ಪೊರಕೆಯಿಂದ ಒಂದು ಉದ್ದನೆಯ ಕಡ್ಡಿ ಕಿತ್ತು, ತುದಿಗೆ ಒಂದು ಒಣಮೆಣಸಿನಕಾಯಿ ಸಿಕ್ಕಿಸಿದರು. ಯಾಕೆ ಮೆಣಸಿನಕಾಯಿ? ಡಾಕ್ಟರುಗಳು ಬಣ್ಣದ ಗುಂಡು ತೋರಿಸ್ತಾರಂತೆ, ನಮ್ಮನೆಯಲ್ಲಿ ಕೆಂಪಗಿದ್ದದ್ದು ಇದೇ! ಎದುರುಬದುರು ಕೂರಬೇಕು, ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ಎದುರಿಗಿರೋರ ಮೂಗನ್ನೇ ನೋಡುತ್ತಿರಬೇಕು. ಪಕ್ಕದಿಂದ ಮೆಣಸಿನಕಾಯಿ ಮೆಲ್ಲಗೆ ಬರುತ್ತೆ. ಕಂಡ ತಕ್ಷಣ "ಹೂಂ" ಅನ್ನಬೇಕು.

ಮೊದಲು ನಾನು ಚಿಕ್ಕಪ್ಪನಿಗೆ ಮಾಡಿದೆ. ಕಡ್ಡಿ ಇನ್ನೂ ಅವರ ಕಿವಿ ಹತ್ತಿರ ಇದ್ದಾಗಲೇ "ಹೂಂ" ಅಂದರು. ನಂಬಿಕೆ ಬರಲಿಲ್ಲ. ನನ್ನನ್ನು ಕೂರಿಸಿ ಅಳೆದು ನೋಡಿದರು. ನನ್ನದೂ ಅಷ್ಟೇ ಇತ್ತು. ಹಾಲಿನವಳನ್ನು ಕೂರಿಸಿದರು. ಮುನಿವೆಂಕಟಪ್ಪ ಏನೋ ಕೇಳೋಕೆ ಬಂದವನು ಸಿಕ್ಕಿಹಾಕಿಕೊಂಡ.

"ಸಾರ್, ಕಾಣ್ಸೋಕೆ ಮುಂಚೆ ಘಾಟು ಬರ್ತಿದೆ. ಘಾಟಿಗೂ ಹೂಂ ಅನ್ಬೇಕಾ?"

"ಮೂಗು ಮುಚ್ಕೋ!"

"ಒಂದು ಕೈ ಕಣ್ಣಿಗೆ, ಒಂದು ಕೈ ಮೂಗಿಗೆ. ಟಿಕೆಟ್ ಯಾವ ಕೈಲಿ ಹರೀಲಿ ಸಾರ್?"

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಕೊನೆಗೆ ಚಿಕ್ಕಪ್ಪ ಅಡುಗೆಮನೆ ಕಡೆ ತಿರುಗಿ, "ಲೇ, ನೀನೊಬ್ಳು ಬಾಕಿ. ಬಾ ಇಲ್ಲಿ" ಅಂದರು.

ಚಿಕ್ಕಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು, ಬಾಗಿಲ ಚೌಕಟ್ಟಿಗೆ ಎಡಭುಜ ತಾಗಿಸಿಕೊಂಡು, "ಹಾಳು ಬಾಗಿಲು" ಅಂತ ಬೈದು, ಮಣೆ ಮೇಲೆ ಕೂತರು. ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ಗಂಡನ ಮೂಗು ನೋಡಿದರು. ಚಿಕ್ಕಪ್ಪ ಎಡಪಕ್ಕದಿಂದ ಕಡ್ಡಿ ತಂದರು. ಕಿವಿ ದಾಟಿತು. ಕೆನ್ನೆ ದಾಟಿತು. ಚಿಕ್ಕಮ್ಮ ಸುಮ್ಮನೆ ಕೂತಿದ್ದಾರೆ.

"ಹೂಂ ಅನ್ನೇ!"

"ಏನಂತ ಅನ್ಲಿ? ಘಾಟು ಬರ್ತಿದೆ. ಮೆಣಸಿನಕಾಯಿ ಎಲ್ಲಿ?"

ಮುನಿವೆಂಕಟಪ್ಪ ಇನ್ನೂ ನಗುತ್ತಲೇ ಇದ್ದ. ಚಿಕ್ಕಪ್ಪ ನಗಲಿಲ್ಲ. "ಆಟ ಆಡ್ಬೇಡ ಕಣೇ" ಅಂದರು.

"ಆಟ ಆಡೋಕೆ ನನಗೇನು ಬಿಡುವಿದೆಯಾ? ಒಲೆ ಮೇಲೆ ಸಾರಿದೆ."

ಕಡ್ಡಿಯನ್ನು ಮತ್ತೆ ತಂದರು. ಮೆಣಸಿನಕಾಯಿ ಹೆಚ್ಚುಕಮ್ಮಿ ಅವರ ಮೂಗಿನ ಮುಂದೆ ಬಂದಾಗ ಚಿಕ್ಕಮ್ಮ "ಹಾಂ, ಈಗ ಬಂತು" ಅಂದರು. ಬಲಗಣ್ಣಿನಲ್ಲಿ ಇನ್ನೂ ಸ್ವಲ್ಪ ಮೊದಲೇ ಕಂಡಿತು, ಆದರೆ ನಮಗೆಲ್ಲ ಕಂಡ ಜಾಗದಲ್ಲಿ ಅಲ್ಲ. ನಾವೆಲ್ಲ ನಗು ನಿಲ್ಲಿಸಿದ್ದನ್ನು ನೋಡಿ ಚಿಕ್ಕಮ್ಮ ಒಬ್ಬೊಬ್ಬರ ಕಡೆಗೂ ಪೂರ್ತಿ ಮುಖ ತಿರುಗಿಸಿ ನೋಡಿದರು.

"ಯಾಕೆ? ಎಲ್ರಿಗೂ ಹೀಗೇ ಅಲ್ವಾ? ಎದುರಿಗಿರೋದು ಕಾಣುತ್ತೆ. ಪಕ್ಕದ್ದು ಬೇಕಂದ್ರೆ ತಿರುಗಿ ನೋಡ್ಬೇಕು."

ಮಾರನೇ ದಿನ ಬೆಂಗಳೂರಿನ ಬಸ್ಸು ಹತ್ತಿದೆವು. ಸ್ಕೂಲಿಗೆ ರಜ ಹಾಕಿ ನಾನೂ ಹೋದೆ, ಯಾಕೆಂದರೆ ಚಿಕ್ಕಪ್ಪನನ್ನು ನೋಡಿಕೊಳ್ಳೋಕೆ ಒಬ್ಬರು ಬೇಕಾಗಿತ್ತು! ಆ ವಾಚಾಳಿ ಮನುಷ್ಯ ಬಾಯೇ ಬಿಡುತ್ತಿರಲಿಲ್ಲ. ಚಿಕ್ಕಮ್ಮನೇ ದಾರಿಯುದ್ದಕ್ಕೂ "ಅಲ್ನೋಡಿ, ದ್ರಾಕ್ಷಿ ತೋಟ ಹಾಕಿದಾರೆ" ಅಂತ ಅವರನ್ನು ಮಾತಾಡಿಸುತ್ತಿದ್ದರು. ಅವರು ತೋಟ ನೋಡುತ್ತಿರಲಿಲ್ಲ. ಚಿಕ್ಕಮ್ಮನ ಕಣ್ಣನ್ನೇ ನೋಡುತ್ತಿದ್ದರು.

ಅದೇ ಡಾಕ್ಟರಮ್ಮ. ಚಿಕ್ಕಪ್ಪನನ್ನು ನೋಡಿದ ಕೂಡಲೇ "ಮತ್ತೆ ಬಂದ್ರಾ?" ಅಂತ ನಕ್ಕವರು, ಅವರ ಮುಖ ನೋಡಿ ನಗು ನಿಲ್ಲಿಸಿದರು. ಚಿಕ್ಕಮ್ಮನನ್ನು ಮಲಗಿಸಿ, ಕಣ್ಣು ಮರಗಟ್ಟೋಕೆ ಒಂದು ತೊಟ್ಟು ಹಾಕಿ, ಒಂದು ಪುಟ್ಟ ಲೋಹದ ಉಪಕರಣವನ್ನು ನೇರ ಕಣ್ಣುಗುಡ್ಡೆ ಮೇಲೇ ಇಟ್ಟರು. ಅದರ ಮುಳ್ಳು ಸ್ವಲ್ಪವೇ ಅಲುಗಿತು. ಹೆಚ್ಚು ಅಲುಗಿದರೆ ಕಣ್ಣು ಮೆತ್ತಗಿದೆ ಅಂತ, ಅಲುಗದಿದ್ದರೆ ಒಳಗೆ ಒತ್ತಡ ಇದೆ ಅಂತ. ಆಮೇಲೆ ಕತ್ತಲೆ ಕೋಣೆಯಲ್ಲಿ ಬೆಳಕು ಬಿಟ್ಟು ಕಣ್ಣಿನ ತಳ ನೋಡಿದರು. ಹೊರಗೆ ಬಂದು ಮರೆಮಾಚದೆ ಹೇಳಿದರು: ಎಡಗಣ್ಣಿನಲ್ಲಿ ಉಳಿದಿರೋದು ಸ್ವಲ್ಪ. ಬಲಗಣ್ಣಿನಲ್ಲಿ ಇನ್ನೂ ಸಾಕಷ್ಟಿದೆ, ಆದರೆ ಅಲ್ಲೂ ಒತ್ತಡ ಏರಿದೆ.

"ಡಾಕ್ಟ್ರೇ," ಅಂದರು ಚಿಕ್ಕಪ್ಪ, "ನನ್ನ ಕಣ್ಣು ಇಬ್ಬರಿಗಾಗುತ್ತೆ ಅಂದಿದ್ರಿ. ಒಂದನ್ನ ತೆಗೆದು ಇವಳಿಗೆ ಹಾಕಿ. ಹಾಕ್ತಾರೆ ಅಂತ ಪೇಪರ್‌ನಲ್ಲಿ ಓದಿದೀನಿ."

ಡಾಕ್ಟರಮ್ಮ ಅವರ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು. "ಅದು ಮುಂದಿನ ಪರದೆ ಕೆಟ್ಟಿದ್ರೆ, ಅದೂ ತೀರಿಹೋದೋರ ಕಣ್ಣಿಂದ. ಇವರಿಗೆ ಒಣಗಿರೋದು ಕಣ್ಣಿಂದ ಮೆದುಳಿಗೆ ಹೋಗೋ ನರ. ಅದನ್ನ ಬದಲಾಯಿಸೋಕೆ ಪ್ರಪಂಚದಲ್ಲಿ ಯಾರಿಗೂ ಇನ್ನೂ ಬರಲ್ಲ. ಸದ್ಯಕ್ಕೆ ತೊಟ್ಟು ಔಷಧಿ ಹಾಕೋಣ. ಹೊತ್ತು ತಪ್ಪಿಸ್ಬೇಡಿ."

ಹೊತ್ತು ತಪ್ಪಿಸಬೇಡಿ ಅಂತ ಹೇಳಿದ್ದು ಯಾರಿಗೆ, ಬಸ್ ಸ್ಟ್ಯಾಂಡ್ ಕಂಟ್ರೋಲರಿಗೆ! ದಿನಕ್ಕೆ ನಾಲ್ಕು ಹೊತ್ತು ತೊಟ್ಟು. ಮಧ್ಯಾಹ್ನ ಕೋಲಾರದ ಬಸ್ಸಿಗೆ ಸೀಟಿ ಊದಿದ ಕೂಡಲೇ ಚಿಕ್ಕಪ್ಪ ಪಂಚೆ ಎತ್ತಿಕಟ್ಟಿ ಮನೆ ಕಡೆ ಓಡೋರು. ಕೋಲಾರದ ಬಸ್ಸು ತಡವಾದರೆ ಡ್ರೈವರಿಗೆ ಆಗುತ್ತಿದ್ದ ಪೂಜೆ ಕೇಳಬೇಡಿ! ಆ ಔಷಧಿ ಉರಿಯೋದು, ಹುಬ್ಬಿನ ಮೇಲೆ ನೋವು ಬರೋದು, ಕಣ್ಣಿನ ಪಾಪೆ ಸಾಸಿವೆಯಷ್ಟಾಗಿ ಸಂಜೆಯಾದರೆ ಮನೆಯೆಲ್ಲ ಮಬ್ಬು. ಚಿಕ್ಕಮ್ಮ ಒಂದು ಸಲವೂ ಬೇಡ ಅನ್ನಲಿಲ್ಲ. "ರೀ, ಔಷಧಿ ಕಿವಿಗೆ ಹೋಯ್ತು" ಅಂತ ಮಾತ್ರ ಅನ್ನೋರು.

ಈ ಖಾಯಿಲೆ ಮನೆತನದಲ್ಲಿ ಬರಬಹುದು ಅಂತ ಡಾಕ್ಟರಮ್ಮ ಹೇಳಿದ್ದೇ ತಡ, ಚಿಕ್ಕಪ್ಪ ಕಡ್ಡಿ ಮೆಣಸಿನಕಾಯಿ ಸಮೇತ ಮಾಲೂರಿಗೆ ಹೊರಟರು. ಮಗಳನ್ನು ಪರೀಕ್ಷೆ ಮಾಡಿದರು. ಅವಳಿಗೆ ಏನೂ ಇರಲಿಲ್ಲ. ಬಂದದ್ದಾಯಿತಲ್ಲ ಅಂತ ಅಳಿಯನಿಗೆ, ಬೀಗರಿಗೆ, ಬೀಗಿತ್ತಿಗೆ ಎಲ್ಲರಿಗೂ ಮಾಡಿದರು. ಬೀಗಿತ್ತಿ ಮೆಣಸಿನಕಾಯಿ ಹಿಡಿದುಕೊಂಡು ಬಂದ ಚಿಕ್ಕಪ್ಪನನ್ನು ಕಂಡು, ದೃಷ್ಟಿ ತೆಗೆಯೋಕೆ ಬಂದಿದ್ದಾರೆ ಅಂದುಕೊಂಡು ಭಕ್ತಿಯಿಂದ ಕೈಮುಗಿದು ಕೂತಿದ್ದರಂತೆ! ಆದರೂ ಮನೆ ಪರೀಕ್ಷೆಯನ್ನೇ ನಂಬಿ ಬಿಡದೆ, ಮಗಳನ್ನು ಆಸ್ಪತ್ರೆಗೂ ಕರೆದುಕೊಂಡು ಹೋಗಿ ತೋರಿಸಿಯೇ ಸಮಾಧಾನ ಪಟ್ಟರು.

ಆದರೆ ಮುಂದಿನ ತಿಂಗಳುಗಳಲ್ಲಿ ನಮ್ಮ ನಗು ಮತ್ತೆ ನಿಂತಿತು. ತೊಟ್ಟು ಹಾಕಿದರೂ ಬಲಗಣ್ಣಿನ ಒತ್ತಡ ಇಳಿಯಲಿಲ್ಲ. ಪ್ರತಿ ಸಲ ಮುಳ್ಳು ಅದೇ ಜಾಗದಲ್ಲಿ. "ಆಪರೇಷನ್ ಮಾಡ್ಬೇಕು" ಅಂದರು ಡಾಕ್ಟರಮ್ಮ. "ಒಳಗಿನ ನೀರು ಹರಿಯೋಕೆ ಒಂದು ಸಣ್ಣ ದಾರಿ ಮಾಡೋದು. ಈಚೆಗೆ ಹೊರದೇಶದಲ್ಲಿ ಒಂದು ಹೊಸ ವಿಧಾನ ಬಂದಿದೆ. ದಾರಿ ಮೇಲೆ ತೆಳ್ಳಗೆ ಒಂದು ಮುಚ್ಚಳ ಉಳಿಸ್ತಾರೆ, ನೀರು ಒಂದೇ ಸಲ ಖಾಲಿ ಆಗದ ಹಾಗೆ. ನಾನು ಕಲ್ತಿದೀನಿ. ಆದ್ರೆ ಬಹಳ ಜನಕ್ಕೇನೂ ಮಾಡಿಲ್ಲ. ಅದನ್ನೂ ಹೇಳ್ಬಿಡ್ತೀನಿ."

ಉಳಿದಿರೋ ಒಳ್ಳೆಯ ಕಣ್ಣಿಗೇ ಕತ್ತರಿ! ಸುಮ್ಮನಿದ್ದರೆ ಮೆಲ್ಲಗೆ ಹೋಗುತ್ತೆ, ಕೈಹಾಕಿದರೆ ಒಂದೇ ಸಲ ಹೋಗಬಹುದು. ಹೊಸ ಸಂಶೋಧನೆಗಳನ್ನು ಮುದ್ದೆ ಜೊತೆ ನುಂಗುತ್ತಿದ್ದ ನಮ್ಮ ಚಿಕ್ಕಪ್ಪ ಈಗ ಏನಂದರು ಗೊತ್ತೇ?

"ಬೇಡ. ಹೊಸದು ಬೇಡ, ಹಳೇದೂ ಬೇಡ. ಬಾ ಮನೆಗೆ ಹೋಗೋಣ."

ಆಸ್ಪತ್ರೆಯ ಹೊರಗೆ ಒಂದು ಮರದ ಕೆಳಗೆ ಕಲ್ಲುಬೆಂಚಿತ್ತು. ಅಲ್ಲಿ ಕೂತ ಮೇಲೆ, ಇಷ್ಟು ವರ್ಷ ಯಾರಿಗೂ ಹೇಳದೆ ಇದ್ದದ್ದನ್ನು ಅವರು ಹೇಳಿದರು. ಅಪ್ಪನ ಕಣ್ಣಿಗೆ ಸೂಜಿ ಹಾಕಿದ ದಿನ, ಅಲುಗಾಡದ ಹಾಗೆ ಅವರ ತಲೆ ಹಿಡಿದುಕೊಂಡಿದ್ದದ್ದು ಇವರೇ. ಆಗ ಇವರಿಗೆ ಮದುವೆ ನಿಶ್ಚಯವಾಗಿತ್ತಷ್ಟೇ. "ಬಿಡೋ, ನೋವಾಗ್ತಿದೆ ಅಂತ ಅಪ್ಪ ಅಂದ್ರು. ನಾನು ಇನ್ನೂ ಗಟ್ಟಿಯಾಗಿ ಹಿಡ್ಕೊಂಡೆ. ಇನ್ನೊಂದು ಸಲ ನನ್ನ ಕೈಲಾಗಲ್ಲ ಕಣೇ."

ಚಿಕ್ಕಮ್ಮ ಮುಖ ಪೂರ್ತಿ ಅವರ ಕಡೆ ತಿರುಗಿಸಿ ಹೇಳಿದರು: "ಈ ಸಲ ನೀವು ಹಿಡಿಯೋದು ಬೇಡ. ಹೊರಗಡೆ ಕೂತ್ಕೊಳ್ಳಿ. ಕಣ್ಣು ನಂದು, ನಾನು ಕೊಡ್ತೀನಿ. ಆಯಮ್ಮ ಗೊತ್ತಿಲ್ಲದ್ದನ್ನ ಗೊತ್ತು ಅನ್ಲಿಲ್ಲ, ನನಗಷ್ಟು ಸಾಕು." ಎದ್ದು, ಸೆರಗು ಸರಿಮಾಡಿಕೊಂಡು, ಒಳಗೆ ಹೋಗಿ ಒಪ್ಪಿಗೆ ಹೇಳಿ ಬಂದರು.

ಆಪರೇಷನ್ ಆದ ಮೇಲೆ ಕಣ್ಣಿಗೆ ಪಟ್ಟಿ ಕಟ್ಟಿ, ಅಲುಗಾಡದೆ ಮಲಗಿರಬೇಕು ಅಂದಿದ್ದರು. ಚಿಕ್ಕಪ್ಪ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತರು. ಚಿಕ್ಕಮ್ಮ ಕೆಮ್ಮಿದರೆ ಇವರು ಏಳೋರು, ಪಕ್ಕದ ಮಂಚದವರು ಕೆಮ್ಮಿದರೂ "ಸ್ವಲ್ಪ ಮೆಲ್ಲಗೆ ಕೆಮ್ಮಿ ಸ್ವಾಮಿ" ಅನ್ನೋರು! ಪಟ್ಟಿ ಬಿಚ್ಚಿದ ದಿನ ಡಾಕ್ಟರಮ್ಮ ಕೇಳಿದರು, "ಏನು ಕಾಣುತ್ತೆ?"

"ಮಂಜು" ಅಂದರು ಚಿಕ್ಕಮ್ಮ.

ಚಿಕ್ಕಪ್ಪ ಗೋಡೆಗೆ ಒರಗಿಬಿಟ್ಟರು. ಮೊದಮೊದಲು ಹಾಗೇ ಇರುತ್ತೆ, ಕಾಯಬೇಕು ಅಂದರು ಡಾಕ್ಟರಮ್ಮ. ಆ ಕಾಯೋದಿದೆಯಲ್ಲ, ಅದು ಯಾರಿಗೂ ಬೇಡ. ಬೆಳಿಗ್ಗೆ ಎದ್ದು "ಇವತ್ತು?" ಅಂತ ಇವರು ಕೇಳೋದು, "ಹಾಗೇ ಇದೆ" ಅಂತ ಅವರು ಹೇಳೋದು. ಒಂದು ಬೆಳಿಗ್ಗೆ ಚಿಕ್ಕಪ್ಪ ಕೇಳೋಕೆ ಮುಂಚೆ ಚಿಕ್ಕಮ್ಮ ತಾವೇ ಮಾತಾಡಿದರು.

"ರೀ, ಅಂಗಿ ಗುಂಡಿ ಒಂದು ಬಿಟ್ಟು ಒಂದು ಹಾಕಿದೀರಲ್ಲ. ಹೀಗೇನಾ ಊರೆಲ್ಲ ತಿರುಗ್ತಿರೋದು?"

ಚಿಕ್ಕಪ್ಪ ಗುಂಡಿ ನೋಡಿಕೊಂಡರು. ನನ್ನನ್ನು ನೋಡಿದರು. ಆಮೇಲೆ ಕಾರಿಡಾರಿಗೆ ಹೋಗಿ, ಕಂಬದ ಹಿಂದೆ ನಿಂತು, ಅಷ್ಟು ದೊಡ್ಡ ಗಂಡಸು ಹೇಗೆ ಅತ್ತರು ಅಂದರೆ, ವಾರ್ಡಿನ ಆಯಾ ಬಂದು "ಯಾರು ತೀರ್ಕೊಂಡ್ರಪ್ಪಾ?" ಅಂತ ಕೇಳಿದಳು!

ಒತ್ತಡ ಇಳಿದಿತ್ತು. ಎಡಗಣ್ಣಿನಲ್ಲಿ ಹೋದದ್ದು ಹೋಗಿಯೇ ಇತ್ತು, ಬಲಗಣ್ಣಿನಲ್ಲಿ ಇದ್ದದ್ದು ಉಳಿಯಿತು. ಅಷ್ಟೇ ಸಾಕು ಅಂತ ಡಾಕ್ಟರಮ್ಮ ಹೇಳಿದರು, ನಮಗೂ ಅಷ್ಟೇ ಸಾಕಾಗಿತ್ತು.

ಆ ಕಾಲದಲ್ಲಿ ನಮ್ಮ ಕಡೆ ಗಂಡ ಹೆಂಡತಿ ಬೀದಿಯಲ್ಲಿ ಜೊತೆಗೆ ನಡೆಯುತ್ತಿರಲಿಲ್ಲ. ಗಂಡ ಮುಂದೆ ದಾಪುಗಾಲು, ಹೆಂಡತಿ ಹಿಂದೆ. ಆದರೆ ಆಸ್ಪತ್ರೆಯಿಂದ ಬಂದ ಮೇಲೆ ಚಿಕ್ಕಪ್ಪ ಚಿಕ್ಕಮ್ಮನ ಎಡಗಡೆಯಲ್ಲಿ, ಭುಜಕ್ಕೆ ಭುಜ ಸಮವಾಗಿ ನಡೆಯೋಕೆ ಶುರುಮಾಡಿದರು. ಸಂತೆಗೆ, ದೇವಸ್ಥಾನಕ್ಕೆ, ಎಲ್ಲಿಗೆ ಹೋದರೂ. ನಡೆಯುತ್ತಾ ಬಸ್ಸು ಕೂಗೋ ಗಂಟಲಲ್ಲಿ ಕೂಗಿ ಹೇಳೋರು: "ಎಡಗಡೆ ಎಮ್ಮೆ! ಎಡಗಡೆ ಸೈಕಲ್! ಎಡಗಡೆ ನಿನ್ನ ತಂಗಿ ಗಂಡ, ನೋಡ್ಬೇಡ ನಡಿ!" ಜನ ಬಾಗಿಲಿಗೆ ಬಂದು ನಿಂತು ನಗೋರು. ಚಿಕ್ಕಮ್ಮನಿಗೆ ನಾಚಿಕೆಯಾಗಿ, "ಮೆಲ್ಲಗೆ ಹೇಳ್ರೀ" ಅಂತ ಗದರಿಸೋರು.

ಒಂದು ಸಾಯಂಕಾಲ ಅವರಿಬ್ಬರ ಹಿಂದೆ ತರಕಾರಿ ಚೀಲ ಹಿಡಿದುಕೊಂಡು ನಾನು ಬರುತ್ತಿದ್ದೆ. ಬಿಸಿಲು ಇಳಿದಿತ್ತು. ರಸ್ತೆ ಖಾಲಿ, ಒಂದು ನಾಯಿ ಕೂಡ ಇರಲಿಲ್ಲ. ಚಿಕ್ಕಪ್ಪ ಬಹಳ ಹೊತ್ತು ಏನೂ ಕೂಗಲಿಲ್ಲ. ಚಿಕ್ಕಮ್ಮನಿಗೇ ತಡೆಯೋಕಾಗಲಿಲ್ಲ ಅಂತ ಕಾಣುತ್ತೆ.

"ಯಾಕ್ರೀ ಸುಮ್ಮನಾದ್ರಿ? ಎಡಗಡೆ ಏನೂ ಇಲ್ವಾ?"

"ನಾನಿದೀನಿ" ಅಂದರು ಚಿಕ್ಕಪ್ಪ.